ಸೂಜಿಮೊನೆಯ ಜಾಣ್ಮೆ

ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳ ಕಾಲದಲ್ಲಿ ಪೊರೆ ತೆಗೆಸಿಕೊಂಡವರ ಗುರುತು ಸೋಡಾ ಗಾಜಿನಂಥ ಕನ್ನಡಕ. ಈಗ ಮಹದೇವಪುರದ ಕಣ್ಣಾಸ್ಪತ್ರೆಗಳಿಂದ ಅಜ್ಜಿಯರು ಪೊರೆ ತೆಗೆಸಿಕೊಂಡು ಸಂಜೆಗೇ ಮನೆಗೆ ಹೊರಡುತ್ತಾರೆ. ಹೀಗೆ ಅದೇ ದಿನ ಮನೆ ಸೇರುವಂತಾಗಿದ್ದಕ್ಕೆ ನ್ಯೂಯಾರ್ಕಿನ ಯೆಹೂದಿ ವೈದ್ಯ ಚಾರ್ಲ್ಸ್ ಕೆಲ್ಮನ್ (1930–2004) ಅವರನ್ನು ನೆನೆಯಬೇಕು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗ, ಅಲ್ಟ್ರಾಸೌಂಡ್ ಕಂಪನದಿಂದ ಹಲ್ಲಿನ ಕಿಟ್ಟ ಕೀಳುವ ಉಪಕರಣ ಕಂಡು ಅವರಿಗೆ ಹೊಳೆಯಿತಂತೆ: ಮಂಜಾದ ಮಸೂರವನ್ನೂ ಹೀಗೇ ಪುಡಿಮಾಡಿ ಹೀರಿಬಿಟ್ಟರೆ? 1967ರಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗ. ಸೆಕೆಂಡಿಗೆ ಸುಮಾರು 40,000 ಸಲ ಅದುರುವ ಟೊಳ್ಳು ಸೂಜಿ, ಮೂರು ಮಿಲಿಮೀಟರ್ ಸೀಳು. ಅದೇ ಇಂದಿನ ಫೇಕೋ ಶಸ್ತ್ರಚಿಕಿತ್ಸೆ. ಸಹವೈದ್ಯರು ಮೊದಮೊದಲು ಮೂಗು ಮುರಿದರು, ಮುರಿಯದಿದ್ದರೆ ಆಶ್ಚರ್ಯ.