ಗಾಡಿ ಯಾರದು?

ವಿಜಯನಗರ, ಕೆಂಗೇರಿಯ ಕಡೆ ಆಟೋಗಳ ಬೆನ್ನಿನ ಮೇಲೆ ಶಂಕರ್‌ನಾಗ್ ಇಂದಿಗೂ ನಗುತ್ತಾರೆ. ಅವರು ತೀರಿಕೊಂಡದ್ದು 1990ರಲ್ಲಿ. 1980ರ 'ಆಟೋ ರಾಜ' ಚಿತ್ರ ತಮ್ಮ ದುಡಿಮೆಗೆ ತಂದ ಮರ್ಯಾದೆಯನ್ನು ಚಾಲಕರು ಮರೆತಿಲ್ಲ. ಕಥೆಗಾರರಾದ ನಾವು ಅವರಿಗೆ ಕೊಟ್ಟದ್ದೇನು?

ನಮ್ಮ ಕಥೆಗಳಲ್ಲಿ ಚಾಲಕ ಬರುವುದು ಹೆಚ್ಚಾಗಿ ಎರಡೇ ವೇಷದಲ್ಲಿ. ಮರೆತುಹೋದ ಚೀಲವನ್ನು ಹುಡುಕಿಕೊಂಡು ಬಂದು ಕೊಡುವ ದೇವರಂಥವನು, ಇಲ್ಲವೇ ಮೀಟರಿನ ಮೇಲೆ ಹೆಚ್ಚು ಕೇಳುವ ಒರಟ. ಬಾಡಿಗೆ ಗಾಡಿಯವನು ಬೆಳಿಗ್ಗೆ ಹೊರಡುವಾಗಲೇ ಸಾಲಗಾರ ಎಂಬುದನ್ನು ಬರೆಯುವುದಿಲ್ಲ. ಮೊದಲು ಮಾಲೀಕನ ದಿನಬಾಡಿಗೆ, ಆಮೇಲೆ ಗ್ಯಾಸು, ಉಳಿದರೆ ಮನೆಗೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿತು. ಅದೇ ಡಿಸೆಂಬರಿನಲ್ಲಿ ಆಟೋದ ಕನಿಷ್ಠ ದರ 30 ರೂಪಾಯಿಯಾಯಿತು. ಅದು 36 ಆಗಲು 2025ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅಕ್ಕಿಬೇಳೆ ಕಾದು ಕುಳಿತಿತ್ತೇ? ಹೆಚ್ಚು ಕೇಳುವುದು ತಪ್ಪೇ, ಕೊಡುವವಳೂ ಗಾರ್ಮೆಂಟ್ಸಿನಿಂದ ದಣಿದು ಬಂದ ಹೆಣ್ಣುಮಗಳಿರಬಹುದು. ಆದರೆ ಆ ತಪ್ಪಿಗೆ ಅವನ ಸ್ವಭಾವವೊಂದೇ ಕಾರಣವೆಂದು ಬರೆಯುವುದು ನಮ್ಮ ಸೋಮಾರಿತನ.

ಹಾಗೆಂದು ದುಡಿಮೆಯ ಕಷ್ಟ ಎಲ್ಲಕ್ಕೂ ಮಾಫಿಯಲ್ಲ. ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ ಮಾಡಿದ 'ಹಸೀನಾ' ಚಿತ್ರದಲ್ಲಿ ಯಾಕೂಬ್ ಆಟೋ ಚಾಲಕ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಹೆಂಡತಿಯನ್ನು ಬಿಟ್ಟುಹೋಗುತ್ತಾನೆ. ಬಡತನ ಹಾಗೆ ಮಾಡಿಸಿತೆನ್ನೋಣವೇ? ಅದೇ ಬಡತನದಲ್ಲಿದ್ದ ಹಸೀನಾ ಮಕ್ಕಳನ್ನು ಬಿಡಲಿಲ್ಲವಲ್ಲ. ನ್ಯಾಯ ಬೇಡಿ ಅವಳು ಮಸೀದಿಯ ಬಾಗಿಲಿಗೆ ಬಂದಾಗ ಅದು ಒಬ್ಬ ಚಾಲಕನ ಕಥೆಯಾಗಿ ಉಳಿಯದೆ ಕಿವಿಗೊಡದ ಜಮಾಅತಿನ ಕಥೆಯಾಗುತ್ತದೆ. ಆಟೋ ಓಡಿಸದ ಯಾಕೂಬರು ನಮ್ಮ ಮೊಹಲ್ಲಾಗಳಲ್ಲಿ ಕಡಿಮೆಯೇನಿಲ್ಲ. ಕೆಲವರಿಗೆ ಸ್ವಂತ ಕಾರುಗಳೂ ಇವೆ.

ಇಷ್ಟು ಹೇಳುವ ನಾವೂ ಒಮ್ಮೆ ರಾಜಾಜಿನಗರದ ಚಾಲಕನೊಬ್ಬನ ಕಥೆ ಬರೆದೆವು. ಅವನ ಸಿಟ್ಟು, ಬೀಡಿ, ಬೈಗುಳ ಎಲ್ಲವೂ ಅದರಲ್ಲಿದ್ದವು. ಪರಿಚಯದ ಚಾಲಕರೊಬ್ಬರು ಓದಿ, 'ಚೆನ್ನಾಗಿದೆ ಸಾಹೇಬರೇ, ಆದರೆ ಗಾಡಿ ಇವನದೋ, ಬಾಡಿಗೆಯದೋ?' ಎಂದರು. ಹುಡುಕಿದೆವು, ಇಡೀ ಕಥೆಯಲ್ಲಿ ಅದಿರಲಿಲ್ಲ. ಹೆಂಡತಿ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾಳೆಂದು ಒಂದೇ ಸಾಲು ಇತ್ತು. ಸಾವಿರ ಬತ್ತಿಗೆ ಅವಳಿಗೆ ಎಷ್ಟು ಸಿಗುತ್ತದೆಂದು ನಾವು ಯಾರನ್ನೂ ಕೇಳಿರಲಿಲ್ಲ.