ಗೇಟು ದಾಟದ ಗ್ರಂಥಾಲಯ

‘ಔಟ್‌ರೀಚ್ ಲೈಬ್ರೇರಿಯನ್’ ಅಂದ್ರೆ, ಓದುಗರು ಬರಲಿ ಅಂತ ಕೌಂಟರ್‌ನಲ್ಲಿ ಕಾಯದೆ ಅವರಿದ್ದಲ್ಲಿಗೇ ಹೋಗುವ ಗ್ರಂಥಪಾಲಕರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ಪ್ರತ್ಯೇಕ ಹುದ್ದೆ ಇದೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಕಾಲೇಜುಗಳ ಮಾತು ಬಂದಾಗ ಈ ವಿಷಯ ತೆಗೆದರೆ, ‘ಅದೆಲ್ಲ ಅಲ್ಲಿಗೆ ಸರಿ, ಇಲ್ಲಿ ಯಾರಿಗೆ ಪುರಸೊತ್ತಿದೆ ಮಾರಾಯ್ರೆ?’ ಅನ್ನೋ ಉತ್ತರ ಸಿಗ್ತದೆ. ಈ ಉತ್ತರದ ಮೇಲೆ ನನಗೆ ತಕರಾರಿದೆ.

ಮೊದಲನೆಯದಾಗಿ, ಇದು ಅಮೆರಿಕದ ಫ್ಯಾಶನ್ ಅಲ್ಲ. ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಅವರ ಪುಸ್ತಕ ಬಂದದ್ದು 1931ರಲ್ಲಿ. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟವು. 1962ರಲ್ಲಿ ಇದೇ ರಂಗನಾಥನ್ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಕಟ್ಟಿದರು. ಓದುಗರನ್ನೂ ಪುಸ್ತಕವನ್ನೂ ಒಂದುಗೂಡಿಸೋದು ಗ್ರಂಥಪಾಲಕರ ಹೊಣೆ ಅನ್ನೋದು ಅವರ ಸೂತ್ರಗಳ ತಿರುಳು. ನಾವು ಪ್ರತಿ ಆಗಸ್ಟ್ 12ಕ್ಕೆ ಅವರ ಫೋಟೊಗೆ ಹಾರ ಹಾಕ್ತೇವೆ, ಗಾಡಿಯನ್ನು ಮರೀತೇವೆ.

ಈಗ ಕಾಲೇಜುಗಳಲ್ಲಿ ನಡೆಯೋದು ಲೆಕ್ಕದ ಔಟ್‌ರೀಚ್. ದಿನಕ್ಕೆ ಎಷ್ಟು ಜನ ಲೈಬ್ರರಿಗೆ ಬಂದರು, ಎಷ್ಟು ಜನ ಲಾಗಿನ್ ಆದರು ಅಂತ ನ್ಯಾಕ್ ಕೇಳ್ತದೆ. ಕೇಳಲಿ, ತಪ್ಪಿಲ್ಲ. ಆದರೆ ಬಂದವರನ್ನು ಎಣಿಸುವ ಆ ರಿಜಿಸ್ಟರ್‌ನಲ್ಲಿ ಬಾರದವರಿಗೆ ಒಂದು ಸಾಲೂ ಇಲ್ಲ. ಸಂಜೆಯ ಬಸ್ ತಪ್ಪಿದರೆ ಮನೆ ಸೇರೋದು ಕಷ್ಟ ಅಂತ ಕ್ಲಾಸು ಮುಗಿದ ಕೂಡಲೇ ಓಡುವ ಹುಡುಗಿ ಯಾವ ಅಂಕಿಯಲ್ಲೂ ಸಿಗೋದಿಲ್ಲ.

ದುಡ್ಡಿಲ್ಲ ಅನ್ನೋ ಮಾತೂ ಪೂರ್ತಿ ನಿಜವಲ್ಲ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್’ಗೆ ಕೇಂದ್ರ ಸರ್ಕಾರ 2025ರಿಂದ 3 ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಒಳ್ಳೆಯದೇ. ಆದರೆ ಕನ್ನಡ ಮಾಧ್ಯಮದಿಂದ ಬಂದ ಬಿಎ ವಿದ್ಯಾರ್ಥಿಗೆ ಪಾಸ್‌ವರ್ಡ್ ಕೊಟ್ಟು ಕೈತೊಳೆದುಕೊಂಡರೆ ಅದು ಬೀಗ ತೆಗೆದ ಕತ್ತಲೆ ಕೋಣೆ. ದೀಪ ಹಚ್ಚೋಕೆ ಒಬ್ಬ ಮನುಷ್ಯ ಬೇಕು.

ಇದರಿಂದ ಏನು ನಷ್ಟ ಅಂತೀರಾ? ಶರಾವತಿಯನ್ನೇ ನೋಡಿ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರ್ತಾ ಇದೆ. ಗೇರುಸೊಪ್ಪೆ ಇರೋದು ಹೊನ್ನಾವರ ತಾಲೂಕಿನಲ್ಲೇ. ಇಂಥ ಯೋಜನೆಗಳ ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ 2006ರ ಅಧಿಸೂಚನೆ ಹೇಳ್ತದೆ. ಪೂರ್ಣ ವರದಿ ಮಾತ್ರ ನೂರಾರು ಪುಟದ ಇಂಗ್ಲಿಷ್. ಪರ ಇರಲಿ, ವಿರೋಧ ಇರಲಿ, ಓದಿ ಮಾತಾಡಬೇಕಲ್ವಾ? ಆ ವರದಿಯನ್ನು ತರಿಸಿ, ಮೇಜಿನ ಮೇಲಿಟ್ಟು, ಅಧ್ಯಾಯ ಅಧ್ಯಾಯವಾಗಿ ಹೇಗೆ ಓದೋದು ಅಂತ ಊರಿನವರಿಗೂ ವಿದ್ಯಾರ್ಥಿಗಳಿಗೂ ತೋರಿಸೋಕೆ ಕಾಲೇಜು ಲೈಬ್ರರಿಗಿಂತ ಸೂಕ್ತ ಜಾಗ ಇನ್ಯಾವುದಿದೆ? ಕಾಸರಕೋಡು ಟೊಂಕದ ಬಂದರಿನ ವಿಷಯದಲ್ಲಿ ಮೀನುಗಾರರು ವರ್ಷಗಳಿಂದ ಹೋರಾಡ್ತಿದ್ದಾರೆ. ಅವರ ಮಕ್ಕಳು ಇದೇ ಕಾಲೇಜುಗಳಲ್ಲಿ ಓದ್ತಾರೆ. ಕಾಲೇಜಿನ ಲೈಬ್ರರಿ ಮಾತ್ರ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಬಳಿ ನಿಂತುಬಿಟ್ಟಿದೆ.

ಒಬ್ಬರೇ ಗ್ರಂಥಪಾಲಕರು ಇಷ್ಟೆಲ್ಲ ಮಾಡೋದು ಹೇಗೆ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಈಗಿನ ಕೆಲಸದ ಮೇಲೆ ಇದನ್ನೂ ಹೇರಿದರೆ ಅದು ಮತ್ತೊಂದು ಫೈಲ್ ಆಗ್ತದೆ ಅಷ್ಟೇ. ವಾರಕ್ಕೆ ಅರ್ಧ ದಿನ ಕೌಂಟರ್‌ನಿಂದ ಬಿಡುಗಡೆ ಕೊಡಿ, ಆ ಹೊತ್ತನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಿರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಹೇಗೂ ಇವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಕಾಲೇಜಿನಿಂದ ತಿಂಗಳಿಗೊಂದು ಪೆಟ್ಟಿಗೆ ಪುಸ್ತಕ ಅಲ್ಲಿಗೆ ಹೋದರೆ ಬಸ್ಸಿಗೆ ಓಡುವ ಹುಡುಗಿಗೆ ತನ್ನೂರಲ್ಲೇ ಸಿಗ್ತದೆ.

ಬೆಂಗಳೂರಿನಲ್ಲಿ ಕೂತು ಊರಿನ ಕಾಲೇಜಿಗೆ ಪುಸ್ತಕದ ಕಾರ್ಟನ್ ಕಳಿಸುವ ಹಳೆ ವಿದ್ಯಾರ್ಥಿಗಳೇ, ನಿಮ್ಮ ಪ್ರೀತಿ ದೊಡ್ಡದು. ಮುಂದಿನ ಸಲ ಪುಸ್ತಕದ ಬದಲು, ಆ ಅರ್ಧ ದಿನ ಕೌಂಟರ್ ನೋಡಿಕೊಳ್ಳುವ ಒಬ್ಬ ಸಹಾಯಕರ ಸಂಬಳ ಕಳಿಸಿ. ಕಪಾಟಿನಲ್ಲಿ ಪುಸ್ತಕಕ್ಕೆ ಬರವಿಲ್ಲ. ಅದನ್ನು ಹೊತ್ತು ಗೇಟು ದಾಟುವವರಿಗೆ ಬರ.