ಪಂಪನ ಕರ್ಣ: ಹುಟ್ಟು ಮತ್ತು ಸಂಕಲ್ಪಸ್ವಾತಂತ್ರ್ಯ

ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣನನ್ನು ವಿಧಿಯ ಬಲಿಪಶುವೆಂದು ಕರೆದು ಮರುಗುವುದು ವಾಡಿಕೆಯಾಗಿದೆ. ಈ ಮರುಕ ಸಹಜವಾದುದೇ. ಆದರೆ ಅದರಿಂದ ಕರ್ಣನಿಗೆ ನ್ಯಾಯ ದೊರೆಯುವುದಿಲ್ಲ. ಎಲ್ಲವೂ ವಿಧಿಯ ಕೃತ್ಯವಾದರೆ ಅವನು ತನ್ನ ತಪ್ಪಿಗೂ ಹೊಣೆಯಲ್ಲ, ಹಿರಿಮೆಗೂ ಹೊಣೆಯಲ್ಲ. ಸಮನಲ್ಲದ ನೆಲೆಗಳಿಂದ ಬಾಳನ್ನು ಆರಂಭಿಸುವ ಮನುಷ್ಯರನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಯನ್ನು ಯೆಹೂದ್ಯ ಚಿಂತಕರು ಬಹುಕಾಲದಿಂದ ವಿಚಾರಿಸಿದ್ದಾರೆ. ಅವರ ವಿಚಾರವನ್ನು ಪಕ್ಕದಲ್ಲಿರಿಸಿಕೊಂಡು ನೋಡಿದರೆ ಪಂಪನ ಪಾತ್ರಸೃಷ್ಟಿಯ ಒಂದು ಮುಖ ಸ್ಫುಟವಾಗುತ್ತದೆ.

ತಾಲ್ಮುದಿನಲ್ಲಿ ಒಂದು ಕಲ್ಪನೆಯುಂಟು. ಹುಟ್ಟಲಿರುವ ಜೀವ ಬಲಶಾಲಿಯೋ ದುರ್ಬಲವೋ, ಜಾಣನೋ ದಡ್ಡನೋ, ಸಿರಿವಂತನೋ ಬಡವನೋ ಎಂಬುದನ್ನು ದೇವದೂತನು ದೇವರ ಸನ್ನಿಧಿಯಲ್ಲಿ ಕೇಳುತ್ತಾನೆ. ಧರ್ಮಿಷ್ಠನೋ ದುಷ್ಟನೋ ಎಂಬುದನ್ನು ಮಾತ್ರ ಕೇಳುವುದಿಲ್ಲ. ಆ ಒಂದು ತೀರ್ಮಾನ ಮನುಷ್ಯನಿಗೇ ಮೀಸಲು. ಮೈಮೊನಿಡಿಸನೂ (1138–1204) ಈ ಸ್ವಾತಂತ್ರ್ಯವಿಲ್ಲದೆ ವಿಧಿನಿಷೇಧಗಳಿಗೆ ಅರ್ಥವಿಲ್ಲವೆಂದು ವಾದಿಸಿದನು. ರಬ್ಬಿ ಎಲಿಯಾಹು ದೆಸ್ಲರ್ (1892–1953) ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಎರಡು ಸೇನೆಗಳ ನಡುವೆ ಕಾಳಗ ನಡೆಯುವುದು ಅವು ಸಂಧಿಸುವ ಗಡಿಯಲ್ಲಿ ಮಾತ್ರ. ಹಾಗೆಯೇ ಆಯ್ಕೆಗೂ ಒಂದು ಬಿಂದುವಿದೆ. ಕಳ್ಳರ ನಡುವೆ ಬೆಳೆದವನಿಗೆ ಕದಿಯಬೇಕೋ ಬೇಡವೋ ಎಂಬುದು ಪ್ರಶ್ನೆಯಾಗದೆ ಇರಬಹುದು. ಸಿಕ್ಕಿಬಿದ್ದಾಗ ಕೊಲ್ಲಬೇಕೋ ಬೇಡವೋ ಎಂಬುದು ಅವನ ನಿಜವಾದ ಪರೀಕ್ಷೆ. ಹುಟ್ಟು ಮತ್ತು ಪೋಷಣೆಗಳು ಬಿಂದುವಿನ ಸ್ಥಾನವನ್ನು ಗೊತ್ತುಮಾಡುತ್ತವೆ. ಅಲ್ಲಿ ಮಾಡುವ ಆಯ್ಕೆಯನ್ನಲ್ಲ.

ಜೈನನಾದ ಪಂಪನಿಗೆ ಈ ವಿವೇಚನೆ ತೀರ ಅಪರಿಚಿತವೆನಿಸುತ್ತಿರಲಿಲ್ಲ. ಜೈನರ ಎಂಟು ಕರ್ಮಗಳಲ್ಲಿ ಉಚ್ಚನೀಚ ಕುಲವನ್ನು ಕೊಡುವ ಗೋತ್ರಕರ್ಮ ಅಘಾತಿ. ಆತ್ಮನ ಸಹಜಗುಣವನ್ನು ಅದು ಕೆಡಿಸಲಾರದು. ಆದರೆ ತಾಲ್ಮುದಿನಲ್ಲಿ ಆರಂಭದ ಅಸಮತೆ ದೈವದ ತೀರ್ಪು. ಜೈನಮತದಲ್ಲಿ ಅದು ಜೀವನದೇ ಹಿಂದಿನ ಗಳಿಕೆ.

ಈಗ ಕರ್ಣನತ್ತ ತಿರುಗೋಣ. ಸೂತನ ಮನೆಯಲ್ಲಿ ಬೆಳೆದ ಅವನ ಕುಲವನ್ನು ಹಿರಿಯರು ಮತ್ತೆ ಮತ್ತೆ ಎತ್ತಿ ಆಡುತ್ತಾರೆ. ಅವನಾದರೋ ಹುಟ್ಟನ್ನಲ್ಲ, ತಾನು ಗಳಿಸಿಕೊಂಡ ಗುಣಗಳನ್ನೇ ಕುಲವೆಂದು ಎಣಿಸುತ್ತಾನೆ. ಮುಂದೆ ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿದಾಗ, ಗಂಗಾತೀರದಲ್ಲಿ ಕುಂತಿ ಬಂದು ಬೇಡಿದಾಗ, ಅವನ ಆರಂಭಶಿಲ್ಕು ಅರ್ಜುನನದಕ್ಕಿಂತಲೂ ಮಿಗಿಲಾಗುತ್ತದೆ. ಅವನೇ ಹಿರಿಯ ಪಾಂಡವ. ವಿಧಿಯನ್ನು ದೂರಲು ಇನ್ನು ಎಡೆಯಿಲ್ಲ. ಕರ್ಣನ ಆಯ್ಕೆಯ ಬಿಂದು ಇದೇ. ಒಂದೆಡೆ ರಾಜ್ಯ, ಇನ್ನೊಂದೆಡೆ ತನ್ನನ್ನು ಮನುಷ್ಯನೆಂದು ಎಣಿಸಿದ ದುರ್ಯೋಧನನ ಋಣ. ಸೋಲನ್ನು ಕಂಡೂ ಅವನು ಋಣವನ್ನೇ ಆರಿಸಿಕೊಳ್ಳುತ್ತಾನೆ. ಆ ಆಯ್ಕೆ ಅಧರ್ಮದ ಪಕ್ಷಕ್ಕೆ ಬಲವಾಯಿತೆಂಬುದೂ ನಿಜ. ಈ ಅಳತೆ ಅವನನ್ನು ನಿರ್ದೋಷಿಯೆಂದು ಸಾರುವುದಿಲ್ಲ. ಕರ್ತೃವೆಂದು ಮಾತ್ರ ಸಾರುತ್ತದೆ.

ದೆಸ್ಲರರ ವಿಚಾರಕ್ಕೆ ಒಂದು ಮಿತಿಯಿದೆ. ಬಿಂದುವನ್ನು ಕೆಳಗಿಳಿಸಿದವರು ಯಾರೆಂದು ಅದು ಕೇಳುವುದಿಲ್ಲ. ಪಂಪನ ಕಾವ್ಯ ಕೇಳುತ್ತದೆ. ಕರ್ಣನನ್ನು ನದಿಯಲ್ಲಿ ತೇಲಿಬಿಟ್ಟುದು, ಕುಲವನ್ನೆತ್ತಿ ಹಳಿದುದು ದೈವವಲ್ಲ, ಮನುಷ್ಯರು. ಅವರ ಆಯ್ಕೆಗಳೂ ವಿಚಾರಣೆಗೆ ಒಳಗಾಗಬೇಕಾದವೇ.

ಪಂಪನ ಆಯ್ಕೆಯನ್ನೂ ಇದೇ ಕೋಲಿನಿಂದ ಅಳೆಯಬಹುದು. ನಮ್ಮ ಹೈದರಾಬಾದಿಗೆ ಉತ್ತರದಲ್ಲಿರುವ ವೇಮುಲವಾಡದಲ್ಲಿ, 10ನೆಯ ಶತಮಾನದಲ್ಲಿ, ಅವನು ಅರಿಕೇಸರಿಯ ಆಸ್ಥಾನಕವಿ. ಒಡೆಯನನ್ನು ಅರ್ಜುನನೊಡನೆ ಸಮೀಕರಿಸಿ ಕಾವ್ಯ ಕಟ್ಟುವುದು ಅವನಿಗೆ ಒದಗಿದ ನೆಲೆ. ಆ ನೆಲೆಯಲ್ಲಿ ನಿಂತೇ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂದು ಅವನು ಹೇಳಿದನು. ಅನ್ನವಿಕ್ಕಿದ ದೊರೆಯ ಪ್ರತಿರೂಪವಾದ ನಾಯಕನ ಎದುರಾಳಿಗೆ ಈ ಮನ್ನಣೆಯನ್ನು ಕೊಡಬೇಕೆಂದು ಅವನನ್ನು ಯಾರೂ ಕಟ್ಟುಪಡಿಸಿರಲಿಲ್ಲ.